ಹಸಿರು ಲೇಸಿನ ಗ್ಲೌಸು

"ಸಹಿ ಆಯ್ತಲ್ಲ, ಇನ್ನೇನು?" ಎನ್ನುತ್ತ ಬೋವೆನ್ ತಪ್ಪೊಪ್ಪಿಗೆಯ ಕಾಗದವನ್ನು ತನ್ನ ಕಡೆ ಎಳೆದುಕೊಂಡ.

ಡೆಲ್ಲಾ ಕ್ರಾಮರ್ ಅದೇ ಠಾಣೆಯ ಪೊಲೀಸ್ ಅಧಿಕಾರಿ. ಅವಳ ಕಣ್ಣು ಆ ಸಹಿಯ ಮೇಲೆಯೇ ನೆಟ್ಟಿತ್ತು. ಎಡಗೈಯಲ್ಲಿ ಬರೆದ ಆನ್ಸೆಲ್ ಟಿಲ್ಮನ್ ಎಂಬ ಹೆಸರು ಕಾಗದದ ಮೇಲೆ ಕುಡಿದವನ ಹಾಗೆ ತೂರಾಡುತ್ತಿತ್ತು. ಒಂದಕ್ಷರ ಮೇಲಕ್ಕೆ, ಒಂದು ಕೆಳಕ್ಕೆ. ಅಭಿಮಾನಿಗಳಿಗೆ ಹಸ್ತಾಕ್ಷರ ಕೊಡುವುದಕ್ಕೆಂದೇ ಈ ಊರಿಗೆ ಬಂದ ಹಳೆಯ ಬೇಸ್‌ಬಾಲ್ ಆಟಗಾರನ ಸಹಿ ಇದು!

ನಿನ್ನೆ, ಗುರುವಾರ ಸಂಜೆ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳನ್ನು ಮಾರುವ ಮುಖ್ಯ ಬೀದಿಯ ಅಂಗಡಿಯಲ್ಲಿ ಅದರ ಮಾಲೀಕ ಮರ್ಲ್ ಪಿಂಕ್ನಿಯ ತಲೆಗೆ ಯಾರೋ ಬ್ಯಾಟಿನಿಂದ ಬಾರಿಸಿ ಹೋಗಿದ್ದರು. ಪಿಂಕ್ನಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಅವನ ಮುಷ್ಟಿಯಲ್ಲಿ ಸಿಕ್ಕಿದ್ದು ಟಿಲ್ಮನ್ ಚಿತ್ರವಿದ್ದ ನಲವತ್ತು ವರ್ಷ ಹಳೆಯ ಕಾರ್ಡು. ಈ ಬೆಳಿಗ್ಗೆ ಠಾಣೆಯ ಬಾಗಿಲು ತೆಗೆಯುವ ಹೊತ್ತಿಗೆ ಟಿಲ್ಮನ್ ತಾನಾಗಿಯೇ ಮೆಟ್ಟಿಲ ಮೇಲೆ ಕೂತಿದ್ದ.

"ಹೊಡೆದವನು ಎಡಚ ಅಂತ ಡಾಕ್ಟರು ಹೇಳಿದಾರೆ. ಇವನು ಎಡಚ. ಕಾರ್ಡ್ ಮೇಲೇ ಅಚ್ಚಾಗಿದೆ. ತಾನೇ ಹೊಡೆದೆ ಅಂತ ಒಪ್ಪಿಕೊಂಡೂ ಆಯ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗೀತು, ಡೆಲ್ಲಾ. ನೀನು ಮುಖ ಸಿಂಡರಿಸಿಕೊಂಡು ಕೂತಿರೋದು ಯಾಕೆ?"

ಬೋವೆನ್ ಠಾಣೆಯ ಹೊಸ ಮುಖ್ಯಸ್ಥ. ಇಂಡಿಯಾನಾದ ಈ ಸಣ್ಣ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬಾಯಲ್ಲಿ ಬೆಲ್ಲ, ಕೆಲಸದಲ್ಲಿ ಅವಸರ. ಒಳ್ಳೆಯ ಬೂಟು ರಿಪೇರಿಗೆ ಹೋಗಿದ್ದರಿಂದ ಎರಡು ದಿನದಿಂದ ರಬ್ಬರ್ ಬೂಟು ಮೆಟ್ಟಿಕೊಂಡು ಕೀಚು ಕೀಚು ಸದ್ದು ಮಾಡುತ್ತ ಓಡಾಡುತ್ತಿದ್ದ. ಮಧ್ಯಾಹ್ನ ನ್ಯಾಯಾಧೀಶರು ಬರುವವರಿದ್ದರು. ಆ ಕಾಗದ ಅವರ ಕೈಸೇರಿದರೆ ಟಿಲ್ಮನ್‌ನ ಕಥೆ ಮುಗಿಯಿತು. ಪಿಂಕ್ನಿ ಸತ್ತರಂತೂ ಮುದುಕ ಜೈಲಿನಿಂದ ಹೊರಗೆ ಬರುವ ಮಾತೇ ಇಲ್ಲ.

ಟಿಲ್ಮನ್ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತಿದ. ಬಾಯಿಗೆ ಹೋಗಬೇಕಾದ ಕಾಫಿಯಲ್ಲಿ ಒಂದಿಷ್ಟು ಅಂಗಿಯ ಮೇಲೆ ಚೆಲ್ಲಿತು.

ಆ ಕಾಲದಲ್ಲಿ ಶಾಲೆಗೆ ಹೋದವರು ಯಾರೂ ಎಡಗೈಯಲ್ಲಿ ಬರೆಯುವುದಿಲ್ಲ ಎನ್ನುವುದು ಡೆಲ್ಲಾಗೆ ಗೊತ್ತಿತ್ತು. ಟೀಚರುಗಳು ಬೆರಳಿನ ಗೆಣ್ಣಿಗೆ ಹೊಡೆದು ಹೊಡೆದು ಎಲ್ಲರನ್ನೂ ಬಲಗೈಗೆ ತಂದಿದ್ದರು. ಅವಳ ಅಪ್ಪನೇ ಅದಕ್ಕೆ ಸಾಕ್ಷಿ. ಎದುರು ಬೀದಿಯಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟಿರುವ ರೂಡಿ ಕ್ರಾಮರ್ ಸುತ್ತಿಗೆ ಹಿಡಿಯುವುದು ಎಡಗೈಯಲ್ಲಿ, ಹೆಸರು ಬರೆಯುವುದು ಬಲಗೈಯಲ್ಲಿ.

ಅವಳು ಕಾರ್ಡನ್ನು ಕೈಗೆತ್ತಿಕೊಂಡಳು. ಮೂಲೆಗಳು ಸವೆದು ದುಂಡಗಾಗಿದ್ದವು. ಹಿಂಬದಿಯಲ್ಲಿ, ಜೊತೆಗೆ ಬರುತ್ತಿದ್ದ ಚೂಯಿಂಗ್ ಗಮ್ಮಿನ ಕಲೆ. ಮುಂದೆ ನಗುವ ಒಬ್ಬ ಹುಡುಗ. ಎಡಗೈ ತಲೆಯ ಮೇಲೆತ್ತಿದ್ದಾನೆ, ಬಲಗೈಗೆ ಚೆಂಡು ಹಿಡಿಯುವ ಗ್ಲೌಸು. ಹಿಂದೆ ಎರಡೇ ಸಾಲು: "ಎಡಗೈ ಎಸೆತಗಾರ. ಈ ಹುಡುಗನ ಮೇಲೊಂದು ಕಣ್ಣಿಡಿ."

ಒಂದು ಬೇಸಿಗೆಯಿಡೀ ಜನ ಕಣ್ಣಿಟ್ಟಿದ್ದರು ಕೂಡ. ಅವನ ಚೆಂಡು ಬ್ಯಾಟಿನ ಹತ್ತಿರ ಬಂದು ನೆಲಕ್ಕೆ ಬಿದ್ದುಹೋಗುತ್ತಿತ್ತಂತೆ, ದೊಡ್ಡ ದೊಡ್ಡವರೇ ಗಾಳಿಗೆ ಬ್ಯಾಟು ಬೀಸಿ ಪೆಚ್ಚು ಮೋರೆ ಹಾಕಿಕೊಂಡು ವಾಪಸಾಗುತ್ತಿದ್ದರಂತೆ. ಮರುವರ್ಷ ಯಾರೋ ಹೊಡೆದ ಚೆಂಡು ನೇರ ಬಂದು ಮಂಡಿಚಿಪ್ಪು ಒಡೆಯಿತು. ಆಮೇಲೆ ಟಿಲ್ಮನ್ ಎಲ್ಲೋ ಟೈರು ಮಾರಿಕೊಂಡಿದ್ದ. ಕಾರ್ಡಿನ ಹುಚ್ಚಿರುವವರ ಹೊರತು ಯಾರಿಗೂ ಅವನ ನೆನಪಿರಲಿಲ್ಲ.

ಡೆಲ್ಲಾಗೆ ಇತ್ತು. ಇದೇ ಕಾರ್ಡು ಅವಳ ಮನೆಯಲ್ಲೂ ಒಂದಿತ್ತು. ಚಿಕ್ಕವಳಿದ್ದಾಗ ಬೀದಿಯ ಎಲ್ಲ ಮಕ್ಕಳ ಹಾಗೆ ಅದನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಗಿಸಿ, ಟರ್ರ್ ಎಂದು ಸದ್ದು ಮಾಡಿಕೊಂಡು ಮೆರೆದಿದ್ದಳು. ಅಪ್ಪ ಓಡಿಬಂದು ಸೈಕಲ್ ನಿಲ್ಲಿಸಿ, ಕಾರ್ಡು ಕಿತ್ತುಕೊಂಡು, ತನ್ನ ಏಪ್ರನ್ನಿನಲ್ಲಿ ಒರೆಸಿದ್ದ. "ಬೇರೆ ಯಾವುದನ್ನಾದ್ರೂ ಹಾಕ್ಕೋ, ಇದನ್ನ ಬೇಡ" ಎಂದು ಗದರಿದ್ದ. ತಾಯಿಯಿಲ್ಲದ ಮಗಳಿಗೆ ಅಪ್ಪ ಜೀವಮಾನದಲ್ಲಿ ಗದರಿದ್ದು ಅದೊಂದೇ ಸಲ. ಯಾಕೆಂದು ಅವಳು ಕೇಳಿರಲಿಲ್ಲ.

ಬೋವೆನ್‌ನ ಮೇಜಿನ ಮೇಲೆ ಕಾಗದ ಹಾರದಿರಲೆಂದು ಇಟ್ಟಿದ್ದ ಬೇಸ್‌ಬಾಲ್ ಚೆಂಡೊಂದಿತ್ತು. ಡೆಲ್ಲಾ ಅದನ್ನೆತ್ತಿ ಟಿಲ್ಮನ್ ಕಡೆ ಎಸೆದಳು.

ಮುದುಕನ ಎಡಗೈ ತಾನಾಗಿ ಮೇಲೆದ್ದು ಚೆಂಡನ್ನು ಹಿಡಿಯಿತು.

"ನೋಡು! ಎಡಗೈ," ಎಂದ ಬಾಗಿಲ ಬಳಿ ನಿಂತಿದ್ದ ಬೋವೆನ್.

"ವಾಪಸ್ ಎಸೀರಿ," ಎಂದಳು ಡೆಲ್ಲಾ ಟಿಲ್ಮನ್‌ಗೆ.

ಅವನು ಒಂದು ಕ್ಷಣ ಅನುಮಾನಿಸಿದ. ಆಮೇಲೆ ಎಡಗೈಯಿಂದಲೇ ಎಸೆದ. ಚೆಂಡು ಅವಳಿಂದ ಮಾರು ದೂರ ಹೋಗಿ, ಗೋಡೆಗೆ ಬಡಿದು, ಬಾಗಿಲ ಕಡೆ ಪುಟಿಯಿತು. ಬೋವೆನ್ ಬಗ್ಗಿ ಬಲಗೈಯಲ್ಲಿ ಅದನ್ನು ತಡೆದು ಅವಳ ಕಡೆ ಎಸೆದ. ಚೆಂಡು ಸರಿಯಾಗಿ ಅವಳ ಅಂಗೈಯೊಳಗೇ ಬಂದು ಬಿತ್ತು.

"ಇದು ಠಾಣೆ, ಆಟದ ಮೈದಾನ ಅಲ್ಲ," ಎಂದು ಅವನು ಗೊಣಗಿದ.

"ಅದಕ್ಕೇ ಹೇಳ್ತಿದೀನಿ. ಗ್ಲೌಸ್ ಹಾಕಿ ಬೆಳೆದವನು ಚೆಂಡು ಹಿಡಿಯೋದು ಒಂದು ಕೈಯಲ್ಲಿ, ಎಸೆಯೋದು ಇನ್ನೊಂದರಲ್ಲಿ. ನಿದ್ದೇಲಿದ್ದಾಗ ಅವನ ಕಡೆ ಎಸೆದ್ರೂ ಗ್ಲೌಸಿನ ಕೈಯೇ ಮೇಲೇಳತ್ತೆ. ಇವರದು ಎಡಗೈ ಎದ್ದಿತು. ಅಂದ್ರೆ ಇವರು ಬಲಗೈ ಎಸೆತಗಾರ. ಎಡಗೈಯಲ್ಲಿ ಎಸೆದಿದ್ದು ಹೇಗಿತ್ತು ಅಂತ ನೀವೇ ಕಂಡ್ರಲ್ಲ."

ಬೋವೆನ್‌ನ ಮುಖದಿಂದ ನಗು ಇಳಿದುಹೋಯಿತು. ಚೆಂಡಿನ ಮಾತನ್ನು ಯಾವ ನ್ಯಾಯಾಧೀಶರೂ ಕೇಳುವುದಿಲ್ಲ, ಕಾಗದದ ಮಾತನ್ನು ಕೇಳುತ್ತಾರೆ ಎಂದು ಹೇಳಿ, ಫೋನ್ ಮಾಡಿ ಬರುತ್ತೇನೆಂದು ಕೀಚು ಕೀಚು ಎನ್ನುತ್ತ ಹೊರಗೆ ಹೋದ.

ಡೆಲ್ಲಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಈಗ ಹೇಳಿ. ಯಾರನ್ನ ಉಳಿಸ್ತಿದೀರಿ?"

ಟಿಲ್ಮನ್ ಲೋಟವನ್ನು ಈ ಸಲ ಬಲಗೈಯಲ್ಲಿ ಎತ್ತಿ ನೆಮ್ಮದಿಯಾಗಿ ಒಂದು ಗುಟುಕು ಕುಡಿದ. ಬೆಳಗಿನಿಂದ ನಾಟಕವಾಡಿ ದಣಿದಿದ್ದ.

"ಬುದ್ಧಿವಂತೆ ನೀನು," ಎಂದ. "ಆದ್ರೆ ಹೆಸರು ಕೇಳಬೇಡ. ನನ್ನ ನಾಲಿಗೆ ಸೀಳಿದ್ರೂ ಹೇಳಲ್ಲ."

"ಹೆಸರು ಬೇಡ. ಈ ಫೋಟೋದಲ್ಲಿ ಬಲಗೈ ಎಸೆತಗಾರ ಎಡಚನ ಗ್ಲೌಸ್ ಯಾಕೆ ಹಾಕಿದ್ದ, ಅದನ್ನ ಹೇಳಿ. ಪಿಂಕ್ನಿ ಅಂಗಡಿ ಗಾಜಿನ ಮೇಲೆ 'ಟಿಲ್ಮನ್ ಗ್ಲೌಸಿನ ಗುಟ್ಟು ಶನಿವಾರ ಬಯಲಿಗೆ' ಅಂತ ಬರೆದು ಅಂಟಿಸಿದ್ದ. ಗುಟ್ಟು ಇದೇ ತಾನೆ?"

ಅವನು ಕಾರ್ಡಿನ ಕಡೆ ಬಾಗಿದ. ಅವನ ಮುಖ ಮೆತ್ತಗಾಯಿತು.

ಫ್ಲಾರಿಡಾದಲ್ಲಿ ತಂಡದ ತರಬೇತಿ ಶಿಬಿರ ನಡೆದಿತ್ತು ಎಂದು ಶುರುಮಾಡಿದ. ಇವನ ಕೋಣೆಯಲ್ಲಿ ಇನ್ನೊಬ್ಬ ಹುಡುಗನಿದ್ದ, ಎಡಗೈ ಎಸೆತಗಾರ. ಕೊನೆಗೆ ಬಿದ್ದುಹೋಗುವ ಆ ಚೆಂಡನ್ನು ಟಿಲ್ಮನ್‌ಗೆ ಕಲಿಸಿದವನೇ ಅವನು. ಎಡಗೈಯ ಹಿಡಿತವನ್ನು ಬಲಗೈಗೆ ತಿರುಗಿಸಿ ತೋರಿಸಲು ಕನ್ನಡಿಯ ಮುಂದೆ ಕೂರಿಸುತ್ತಿದ್ದನಂತೆ. ಒಂದು ಸಂಜೆ ಟಿಲ್ಮನ್ ಹುಡುಗಾಟಕ್ಕೆ ಕೋಚ್‌ನ ಕಾರನ್ನು ತೆಗೆದುಕೊಂಡು ಹೋಗಿ ಹಳ್ಳಕ್ಕೆ ಇಳಿಸಿದ. ಬೆಳಿಗ್ಗೆ ಕೋಚ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾರು ಎಂದು ಕೇಳಿದ. ಇವನಿನ್ನೂ ಬಾಯಿ ತೆರೆಯುವುದರೊಳಗೆ ಆ ಹುಡುಗ ಒಂದು ಹೆಜ್ಜೆ ಮುಂದೆ ಬಂದು "ನಾನು" ಎಂದ. ಕೋಚ್ ಅವನನ್ನು ಆಗಲೇ ತಂಡದಿಂದ ಹೊರಗೆ ಹಾಕಿದ.

"ಯಾಕೋ ಹಾಗೆ ಮಾಡ್ದೆ ಅಂತ ಬಸ್ ಸ್ಟಾಂಡ್‌ವರೆಗೂ ಅತ್ಕೊಂಡು ಹೋಗಿ ಕೇಳ್ದೆ. 'ನಿನ್ನ ಕೈ ನನ್ನ ಕೈಗಿಂತ ದೊಡ್ಡದು, ಹೋಗಿ ಆಡು' ಅಂದ. ಅಷ್ಟೇ. ಹೇಳಿಬಿಡ್ತೀನಿ ಅಂದ್ರೆ ಹೊಡೆಯೋಕೆ ಬಂದ. ಬಸ್ ಹತ್ತುವಾಗ ಗ್ಲೌಸನ್ನ ನನ್ನ ಕೈಗೆ ಕೊಟ್ಟ, ಇನ್ನು ನನಗ್ಯಾಕೆ ಅಂತ."

ಅದೇ ಮಧ್ಯಾಹ್ನ ಕಾರ್ಡ್ ಕಂಪನಿಯ ಫೋಟೋಗ್ರಾಫರ್ ಬಂದಿದ್ದ.

"ಅವನ ಮುಖ ಯಾವತ್ತೂ ಕಾರ್ಡ್ ಮೇಲೆ ಬರಲ್ಲ. ಗ್ಲೌಸಾದ್ರೂ ಬರಲಿ ಅಂತ ಅದನ್ನ ಹಾಕ್ಕೊಂಡು, ಎಡಚನ ಹಾಗೆ ನಿಂತೆ. ಫೋಟೋ ತೆಗೆಯೋ ಪುಣ್ಯಾತ್ಮನಿಗೆ ಎಡ ಬಲ ಗೊತ್ತಾಗಲಿಲ್ಲ, ಕಂಪನಿಯವರು ಹಾಗೇ ಅಚ್ಚು ಹಾಕಿದ್ರು. ತಂಡದವರು ವರ್ಷ ಪೂರ್ತಿ ನಕ್ಕರು. ನಾನೂ ನಕ್ಕೆ. ಆಮೇಲೆ ಗ್ಲೌಸನ್ನ ಅವನ ಊರಿಗೆ ಪಾರ್ಸೆಲ್ ಮಾಡ್ದೆ, ಮೇಲೊಂದು ಕಾರ್ಡ್ ಇಟ್ಟು."

ಅವನು ಲೋಟವನ್ನು ಮೇಜಿನ ಮೇಲಿಟ್ಟ.

"ಎರಡು ಬೇಸಿಗೆ ಆಡಿದೆ, ತಾಯಿ. ಜನ ಪಾಪ, ಮಂಡಿ ಹೋಯ್ತು, ನತದೃಷ್ಟ ಅಂತಾರೆ. ನನಗೆ ಹಾಗನ್ನಿಸಿಲ್ಲ. ಆ ಎರಡು ಬೇಸಿಗೆ ನನ್ನದಾಗಿರಲಿಲ್ಲ, ಇನ್ನೊಬ್ಬ ಕೊಟ್ಟಿದ್ದು. ಸಿಕ್ಕಿದ್ದೇ ಹೆಚ್ಚು. ಅದಕ್ಕೆ ಬದಲಾಗಿ ಏನಾದ್ರೂ ಕೊಡೋಕೆ ದೇವರು ಒಂದು ದಾರಿ ತೋರಿಸಲಿ ಅಂತ ಕಾಯ್ತಾ ಇದ್ದೆ."

ಡೆಲ್ಲಾ ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆದು ಕಾರ್ಡಿನ ಮೇಲೆ ಹಿಡಿದಳು. ಹುಡುಗನ ಬಲಗೈಯ ಗ್ಲೌಸು ದೊಡ್ಡದಾಗಿ ಕಂಡಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಬಲೆಗೆ ಎಲ್ಲರ ಗ್ಲೌಸಿನಲ್ಲಿರುವ ಹಾಗೆ ಚರ್ಮದ ದಾರವಿರಲಿಲ್ಲ. ಹಸಿರು ಬಣ್ಣದ ಬೂಟಿನ ಲೇಸಿತ್ತು. ಅದರ ತುದಿಯನ್ನು ಬಿಚ್ಚಿಹೋಗದ ಹಾಗೆ ಎರಡು ಸುತ್ತು ಸುತ್ತಿ, ಒಳಕ್ಕೆ ಮಡಚಿ, ಬೂಟು ಹೊಲಿಯುವವರು ಹಾಕುವ ಗಂಟು ಹಾಕಿತ್ತು.

ಅವಳು ಭೂತಗನ್ನಡಿಯನ್ನು ಕೆಳಗಿಟ್ಟಳು.

ಆ ಲೇಸು ಅವಳಿಗೆ ಗೊತ್ತು. ಅಂಗಡಿ ಮುಚ್ಚಿದ ಮೇಲೆ ಹಿಂದಿನ ಓಣಿಯಲ್ಲಿ ಅಪ್ಪ ಬಲಗೈಗೆ ಗ್ಲೌಸು ಹಾಕಿಕೊಂಡು ನಿಲ್ಲುತ್ತಿದ್ದ. ಅವಳು ಎಸೆಯುತ್ತಿದ್ದಳು, ಅಪ್ಪ ಹಿಡಿಯುತ್ತಿದ್ದ. ಎಷ್ಟು ಅಡ್ಡಾದಿಡ್ಡಿ ಎಸೆದರೂ ಒಂದು ದಿನವೂ ಬೇಸರಿಸಿದವನಲ್ಲ. ಅಮ್ಮ ಸತ್ತ ವರ್ಷ ಅವಳನ್ನು ಮತ್ತೆ ನಗುವಂತೆ ಮಾಡಿದ್ದು ಆ ಗ್ಲೌಸಿಗೆ ಚೆಂಡು ಬಂದು ಬೀಳುವ ಸದ್ದು. ಇದನ್ನು ಎಲ್ಲಿಂದ ತಂದೆ ಎಂದು ಕೇಳಿದರೆ, ಹಳೇ ಸಾಮಾನಿನಲ್ಲಿ ಸಿಕ್ಕಿತು ಎನ್ನುತ್ತಿದ್ದ. ಈಗಲೂ ಅದು ಅಂಗಡಿಯ ಕೌಂಟರಿನ ಹಿಂದೆ ಮೊಳೆಗೆ ನೇತಾಡುತ್ತದೆ.

ಟಿಲ್ಮನ್ ಅವಳ ಮುಖವನ್ನೇ ನೋಡುತ್ತಿದ್ದ.

"ನಿನ್ನ ಅಂಗಿಯ ಪಟ್ಟಿ ಮೇಲೆ ಕ್ರಾಮರ್ ಅನ್ನೋ ಹೆಸರು ಓದಿದಾಗಲೇ ನನ್ನ ಎದೆ ಧಸಕ್ಕೆಂದಿತ್ತು," ಎಂದ ಮೆಲ್ಲಗೆ. "ಅವನದೇ ಕಣ್ಣು ನಿನಗೆ. ನಿನ್ನೆ ಸಂಜೆ ಪಿಂಕ್ನಿ ಅಂಗಡಿಗೆ ಅಂತ ಬೀದಿ ದಾಟೋದ್ರಲ್ಲಿದ್ದೆ. ಆ ಗ್ಲೌಸನ್ನ ಕಂಕುಳಲ್ಲಿ ಇಟ್ಕೊಂಡು ಅವನು ಓಡಿಬಂದ. ಒಳಗೆ ಹೋಗಿ ನೋಡಿದ್ರೆ ಪಿಂಕ್ನಿ ನೆಲದ ಮೇಲಿದ್ದ. ಏನೇ ಮಾಡಿರಲಿ, ಕಾರಣ ಇಲ್ಲದೆ ಮಾಡೋ ಮನುಷ್ಯ ಅಲ್ಲ ಅವನು. ಈಗ ನೀನು ಕಂಡಿದ್ದನ್ನ ಮರೆತುಬಿಡು, ಮಗಳೇ. ನನಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ಈ ಸಲ ಒಂದು ಹೆಜ್ಜೆ ಮುಂದೆ ಬರೋ ಸರದಿ ನಂದು."

ಡೆಲ್ಲಾ ಎದ್ದಳು. ಕಾರ್ಡನ್ನು ಮೇಜಿನ ಮೇಲಿಟ್ಟಳು. ಈ ಮುದುಕನನ್ನು ಬಿಡಿಸಬೇಕೆಂದರೆ ಅಪ್ಪನನ್ನು ಹಿಡಿದುಕೊಡಬೇಕು. ಅಪ್ಪನನ್ನು ಉಳಿಸಬೇಕೆಂದರೆ ಸುಮ್ಮನಿದ್ದರೆ ಸಾಕು. ಅವಳು ಬಾಗಿಲು ದಾಟಿ, ಬೀದಿ ದಾಟಿ, ಅಪ್ಪನ ಅಂಗಡಿಯ ಮುಂದೆ ನಿಂತಳು.

ಒಳಗೆ ಅಂಟಿನ ವಾಸನೆ, ಪಾಲಿಶಿನ ವಾಸನೆ. ಅವಳು ಹುಟ್ಟಿದಾಗಿನಿಂದ ಬಲ್ಲದ್ದು. ರೂಡಿ ಕ್ರಾಮರ್ ಏಪ್ರನ್ ಹಾಕಿರಲಿಲ್ಲ. ಚರ್ಚಿಗೆ ಹಾಕಿಕೊಳ್ಳುವ ಕೋಟು ತೊಟ್ಟು, ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೂಲಿನ ಮೇಲೆ ಕೂತಿದ್ದ. ಕೌಂಟರಿನ ಹಿಂದಿನ ಮೊಳೆ ಖಾಲಿಯಿತ್ತು.

"ನಾನೇ ಬರೋನಿದ್ದೆ," ಎಂದ. "ಆನ್ಸೆಲ್‌ನ ಕೂರಿಸಿದೀರಂತೆ. ಅವನಿಗೆ ತಿಂಡಿಗಿಂಡಿ ಕೊಟ್ರಾ?"

ಡೆಲ್ಲಾಗೆ ಅಳು ಬಂತು. ತಡೆದುಕೊಂಡಳು.

"ಅಪ್ಪಾ, ಏನಾಯ್ತು ಹೇಳು."

"ಹೇಳೋದೇನು? ನಾನೇ ಹೊಡೆದೆ. ಗ್ಲೌಸ್ ಕೊಡು ಅಂತ ಪಿಂಕ್ನಿ ವಾರಗಟ್ಟಲೆ ಪೀಡಿಸ್ತಿದ್ದ. ಜಗಳ ಆಯ್ತು, ಹೊಡೆದೆ. ಆನ್ಸೆಲ್‌ನ ಬಿಟ್ಟುಬಿಡು. ಅವನು ನನಗೆ ಮಾಡಿರೋ ಉಪಕಾರ ನಿನಗೆ ಗೊತ್ತಿಲ್ಲ, ಡೆಲ್. ನಾನು ಒಂದು ಆಟವನ್ನೂ ಆಡಲಿಲ್ಲ. ಆದ್ರೆ ನನ್ನ ಗ್ಲೌಸು ಈ ದೇಶದ ಮಕ್ಕಳ ಜೇಬಲ್ಲೆಲ್ಲ ಓಡಾಡ್ತು. ಸೈಕಲ್ ಚಕ್ರದಲ್ಲಿ ಸುತ್ತಿತು. ಬೂಟು ಹೊಲಿಯೋನಿಗೆ ಇದಕ್ಕಿಂತ ಏನು ಬೇಕು? ದಿನಾ ಮಲಗುವಾಗ ಅವನನ್ನ ನೆನೆಸ್ಕೊಂಡೇ ಮಲಗ್ತೀನಿ."

ಅವನು ಎರಡೂ ಕೈ ಮುಂದಕ್ಕೆ ಚಾಚಿದ, ಬೇಡಿ ಹಾಕು ಎನ್ನುವ ಹಾಗೆ. ಅಂಟಿನ ಕಲೆಯ ಆ ಕೈಗಳನ್ನು ಡೆಲ್ಲಾ ನೋಡಿದಳು. ಅವಳ ಜಡೆ ಹೆಣೆದ ಕೈಗಳು. ಕೇಳಬಾರದೆಂದು ಅನ್ನಿಸಿತು. ಆದರೂ ಕೇಳಿದಳು.

"ಯಾವ ಕಡೆ ಹೊಡೆದೆ?"

"ಏನು?"

"ಪಿಂಕ್ನಿ ತಲೆಗೆ. ಎಡಕ್ಕೋ ಬಲಕ್ಕೋ?"

ಅಪ್ಪ ತಡವರಿಸಿದ. "ಎಡಕ್ಕೆ," ಎಂದ. "ಎಡಗಡೆ, ಕಿವಿ ಹತ್ತಿರ."

ಡೆಲ್ಲಾ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪಿಂಕ್ನಿಗೆ ಪೆಟ್ಟು ಬಿದ್ದದ್ದು ಬಲಗಡೆ. ಎದುರಿಗೆ ನಿಂತ ಎಡಚನ ಪೆಟ್ಟು. ಹೊಡೆದವನಿಗೆ ಅದು ಗೊತ್ತಿಲ್ಲದಿರುವುದು ಸಾಧ್ಯವೇ ಇರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವಳು ದೇವರಿಗೆ ಕೈಮುಗಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಮನಸ್ಸಿನಲ್ಲೇ ಮುಗಿದಳು.

"ನೀನು ಹೊಡೆದಿಲ್ಲ. ಆನ್ಸೆಲ್ ಕೂಡ ಹೊಡೆದಿಲ್ಲ," ಎಂದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ನೀನು ಹೊರಗೆ ಓಡಿಬಂದಾಗ ಅವನು ಎದುರು ಬೀದೀಲಿ ನಿಂತಿದ್ದ. ನೀನು ಮಾಡಿದೆ ಅಂತ ಅವನು ಅಂದ್ಕೊಂಡ, ಅವನು ಮಾಡಿದ ಅಂತ ನೀನು ಅಂದ್ಕೊಂಡೆ. ಇಬ್ಬರೂ ಸೇರಿ ನನ್ನ ಪ್ರಾಣ ತಿಂದ್ರಿ."

ರೂಡಿ ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಡೆಲ್ಲಾ ಕೌಂಟರ್ ದಾಟಿ ಹೋಗಿ ಅವನ ತಲೆಯನ್ನು ಒರಗಿಸಿಕೊಂಡಳು. ಇಂಥ ಅಪ್ಪನೂ, ಇಂಥ ಅಪ್ಪನಿಗೆ ಅಂಥ ಗೆಳೆಯನೂ ಸಿಕ್ಕಿದ್ದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನು ನಡೆದದ್ದನ್ನು ಹೇಳಿದ. ಗುರುವಾರ ಇಡೀ ದಿನ ಅಂಗಡಿ ಮುಚ್ಚಿ ಚರ್ಮ ತರಲು ಪೇಟೆಗೆ ಹೋಗಿದ್ದ. ಸಂಜೆ ಬಂದು ನೋಡಿದರೆ ಮೊಳೆ ಖಾಲಿ. ಇದು ಪಿಂಕ್ನಿಯ ಕೆಲಸವೇ ಎಂದು ನೇರ ಅಲ್ಲಿಗೆ ಹೋದ. ಪಿಂಕ್ನಿ ನೆಲದ ಮೇಲಿದ್ದ, ಗ್ಲೌಸು ಮೇಜಿನ ಮೇಲಿತ್ತು. ಎತ್ತಿಕೊಂಡು ಓಡಿಬಂದು, ಆಸ್ಪತ್ರೆಗೆ ಹೆಸರು ಹೇಳದೆ ಫೋನ್ ಮಾಡಿದವನೂ ಅವನೇ.

"ಪಿಂಕ್ನಿ ಕದ್ದದ್ದು ಯಾವಾಗ? ಅವನು ಅಂಗಡಿಗೆ ಬಂದಿದ್ನಾ?"

"ಇಲ್ಲ. ಆದ್ರೆ ಯಾರು ಗ್ಲೌಸ್ ತಂದುಕೊಟ್ರೂ ಕೈತುಂಬ ದುಡ್ಡು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ಬುಧವಾರ ಸಂಜೆ ಬಂದಿದ್ದು ಒಬ್ಬನೇ ಗಿರಾಕಿ. ಅಟ್ಟೆ ಬದಲಾಯಿಸಬೇಕು ಅಂದ, ಅಳತೆ ಹಲಗೆ ತರೋಕೆ ನಾನು ಒಳಗೆ ಹೋಗಿದ್ದೆ. ಬರೋದ್ರಲ್ಲಿ ಬೂಟು ಬಿಟ್ಟು ಹೋಗಿಬಿಟ್ಟಿದ್ದ. ನಾನೂ ಮೊಳೆ ಕಡೆ ನೋಡದೆ ಬಾಗಿಲು ಹಾಕ್ದೆ."

"ಯಾರ ಬೂಟು?"

ಅಪ್ಪ ಕೌಂಟರಿನ ಕೆಳಗಿನಿಂದ ಒಂದು ಜೊತೆ ಕಪ್ಪು ಬೂಟು ಎತ್ತಿ ಮೇಲಿಟ್ಟ. ಎಡಗಾಲಿನದು ಮುಂಗಾಲಿಗೆ ಸವೆದಿತ್ತು. ಪೊಲೀಸರಿಗೆ ಕೊಡುವ ಬೂಟು.

ಕೀಚು ಕೀಚು ಎನ್ನುವ ರಬ್ಬರ್ ಬೂಟಿನ ಸದ್ದು ಡೆಲ್ಲಾಳ ಕಿವಿಯಲ್ಲಿ ಎದ್ದಿತು. ಅದರ ಹಿಂದೆಯೇ ಗೋಡೆಗೆ ಬಡಿದು ಪುಟಿದ ಚೆಂಡು ಕಣ್ಣಿಗೆ ಕಟ್ಟಿತು, ಬಾಗಿಲ ಬಳಿ ಬಗ್ಗಿದ ಮನುಷ್ಯನೂ.

"ಅಪ್ಪಾ, ಚೆಂಡನ್ನ ಬಲಗೈಯಲ್ಲಿ ತಡೆಯೋನು ಯಾವ ಕೈಯಲ್ಲಿ ಎಸೀತಾನೆ?"

"ಇದೇನು ಕೇಳ್ತೀಯಾ? ನನ್ನ ಹಾಗೆ. ಎಡಗೈಯಲ್ಲಿ."

ಗ್ಲೌಸು ಕದ್ದು ಮಾರಲು ಹೋದವನಿಗೂ ಪಿಂಕ್ನಿಗೂ ದುಡ್ಡಿಗಾಗಿ ಜಗಳ ಹತ್ತಿರಬೇಕು. ಅವಳು ಕಿಟಕಿಯ ಕಡೆ ತಿರುಗಿದಳು. ಎದುರು ಠಾಣೆಯಲ್ಲಿ, ಆನ್ಸೆಲ್ ಕೂತಿದ್ದ ಕೋಣೆಯ ಗಾಜಿನಾಚೆ ಬೋವೆನ್ ನಿಂತಿದ್ದ. ಅವನು ಎಡಗೈ ಎತ್ತಿ ಪರದೆ ಎಳೆದ.